ಸರಕಾರಿ ವಿವಿಗಳಲ್ಲಿ ಆನ್‌ಲೈನ್ ಪತ್ರಿಕೆ: ನಮ್ಮ ಕಡೆ ಗಂಟು ಎಲ್ಲೆಲ್ಲಿ ಬೀಳ್ತದ?

ಕೋಟೆಬಾಗಿಲು (ಕಲಬುರಗಿ)

ಎಲ್ಲರಿಗೂ ಶರಣು. ಸ್ನಾತಕೋತ್ತರ ವಿಭಾಗವೊಂದರಲ್ಲಿ ಮುಂದಿನ ಸೆಮಿಸ್ಟರ್‌ನಿಂದ ಎರಡು ಪತ್ರಿಕೆಗಳನ್ನು ಪೂರ್ತಿ ಆನ್‌ಲೈನ್ ಮಾಡುವ ಟಿಪ್ಪಣಿ ತಯಾರಾಗುತ್ತಿದೆ. ಒಟ್ಟು 120 ವಿದ್ಯಾರ್ಥಿಗಳು. ಬಹಳಷ್ಟು ಮಂದಿ ಊರಿಂದ ಬಸ್ಸಿಗೆ ಬಂದುಹೋಗುವವರು: ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ, ಗುರುಮಠಕಲ್ ಕಡೆಯವರು. ಕರಡಿನಲ್ಲಿ ಸದ್ಯ ನಾಲ್ಕು ಅಂಶಗಳಿವೆ. ವಾರಕ್ಕೆ ನಾಲ್ಕು ತಾಸು ವಿಡಿಯೊ ನೇರ ತರಗತಿ. ಅದರ ರೆಕಾರ್ಡಿಂಗ್ ಯೂಟ್ಯೂಬಿಗೆ. ನೋಟ್ಸ್ ವಾಟ್ಸ್‌ಆ್ಯಪ್ ಗುಂಪಿಗೆ. ಆಂತರಿಕ ಪರೀಕ್ಷೆ ಮೂಡಲ್‌ನಲ್ಲಿ (ಪಾಠ, ಪರೀಕ್ಷೆ ನಡೆಸುವ ಕಲಿಕಾ ತಾಣದ ತಂತ್ರಾಂಶ), ಎಲ್ಲರಿಗೂ ಬೆಳಿಗ್ಗೆ 10ಕ್ಕೆ.

ಆಧಾರವಾಗಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 40 ಶೇಕಡಾ ನಿಯಮವನ್ನು ತೋರಿಸಲಾಗಿದೆ. 2020ರ ಲಾಕ್‌ಡೌನಿನಲ್ಲಿ ನಡೆದದ್ದು ತುರ್ತಿಗೆ ಮಾಡಿದ ಪಾಠ, ಅದನ್ನು ಮಾದರಿ ಅಂತ ಇಟ್ಟುಕೊಂಡಿಲ್ಲ. ಈ ನಾಲ್ಕರಲ್ಲಿ ಯಾವುದು ಮೊದಲು ಕೈಕೊಡುತ್ತದೆ, ಯಾಕೆ? ಲೆಕ್ಕ ಸಮೇತ ಹೇಳಿದರೆ ಸಭೆಯಲ್ಲಿ ಮಾತಾಡಲು ಬಲ ಬರುತ್ತದೆ.

ಸರ್ವರ್ ಕೋಣೆ

ಮೊದಲನೆಯದೇ ಸರ್. ಲೆಕ್ಕವನ್ನು ಕ್ಯಾಂಪಸ್ಸಿನ ಫೈಬರ್‌ನಿಂದ ಶುರು ಮಾಡಬೇಡಿ, ವಿದ್ಯಾರ್ಥಿಯ ಫೋನಿನಿಂದ ಶುರು ಮಾಡಿ.

ಗುಂಪು ವಿಡಿಯೊ ಕರೆಗೆ ಝೂಮ್ ಕೇಳೋದು ಸೆಕೆಂಡಿಗೆ ಸುಮಾರು 600 ಕಿಲೋಬಿಟ್. 3,600 ಸೆಕೆಂಡಿಗೆ ಗುಣಿಸಿ 8ರಿಂದ ಭಾಗಿಸಿದರೆ ತಾಸಿಗೆ 270 ಎಂಬಿ. ನಾಲ್ಕು ಕ್ರೆಡಿಟ್ಟಿನ ಪತ್ರಿಕೆ ಅಂದರೆ 15 ವಾರಕ್ಕೆ 60 ತಾಸು, ಅಲ್ಲಿಗೆ 16.2 ಜಿಬಿ. ಎರಡು ಪತ್ರಿಕೆಗೆ 32 ಜಿಬಿ ದಾಟಿತು. ದಿನಕ್ಕೆ 1.5 ಜಿಬಿ ರೀಚಾರ್ಜ್ ಇದ್ದರೆ ಸಾಲದೇನು ಅನ್ನಬಹುದು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಆ ಡೇಟಾ ಇಡೀ ಮನೆಯದು. ಕೋಟಾ ಮುಗಿದ ಮೇಲೆ ವೇಗ 64 ಕಿಲೋಬಿಟ್ಟಿಗೆ ಇಳಿಯುತ್ತದೆ. ಬರೀ ದನಿಗೇ 60ರಿಂದ 80 ಕಿಲೋಬಿಟ್ ಬೇಕು, ಹಾಗಾಗಿ ಅಲ್ಲಿಗೆ ಪಾಠ ಮುಗಿದಂತೆ.

ಡೇಟಾಕ್ಕಿಂತ ದೊಡ್ಡ ತೊಂದರೆ ಸಿಗ್ನಲ್ಲಿನ ಏರಿಳಿತ. ರೆಕಾರ್ಡ್ ಆದ ವಿಡಿಯೊ ಮುಂದಿನ ತುಣುಕನ್ನು ಮೊದಲೇ ಎಳೆದುಕೊಂಡು ಇಟ್ಟುಕೊಳ್ಳುತ್ತದೆ. ನೇರ ತರಗತಿಗೆ ಆ ಅವಕಾಶ ಇಲ್ಲ. ಹತ್ತು ಸೆಕೆಂಡು ಹೋದರೆ ವ್ಯಾಖ್ಯೆಯ ಅರ್ಧ ವಾಕ್ಯ ಹೋಯಿತು, ಉಳಿದದ್ದೂ ಅರ್ಥವಾಗುವುದಿಲ್ಲ. ನೇರ ತರಗತಿ ಬೇಕೇ ಬೇಕು ಅಂದರೆ ಕ್ಯಾಮೆರಾ ಬಂದ್ ಮಾಡಿ, ಪರದೆ ಮಾತ್ರ ಹಂಚಿ. ಪರದೆಗೆ 50ರಿಂದ 75 ಕಿಲೋಬಿಟ್ ಸಾಕು. ದನಿ ಸೇರಿ ತಾಸಿಗೆ 70 ಎಂಬಿ ಒಳಗೇ ಆಗುತ್ತದೆ. ಅದನ್ನು ವಾರಕ್ಕೊಮ್ಮೆ, ಅನುಮಾನ ಬಗೆಹರಿಸಲಿಕ್ಕೆ ಮಾತ್ರ ಇಟ್ಟುಕೊಳ್ಳಿ.

ಪಾಠವನ್ನು 15 ನಿಮಿಷದ ತುಣುಕಾಗಿ ಮುಂಚೆಯೇ ರೆಕಾರ್ಡ್ ಮಾಡಿ. ಒಬಿಎಸ್ ಸ್ಟುಡಿಯೊ ಉಚಿತ ತಂತ್ರಾಂಶ, ಅದರಲ್ಲೇ ಆಗುತ್ತದೆ. ಅಳತೆ 854×480, ಸೆಕೆಂಡಿಗೆ 10 ಫ್ರೇಮ್, ಚಿತ್ರಕ್ಕೆ 150 ಕಿಲೋಬಿಟ್, ದನಿ ಮೋನೊ 32 ಕಿಲೋಬಿಟ್. ಒಂದು ತುಣುಕಿಗೆ 20 ಎಂಬಿ ಚಿಲ್ಲರೆ. ಈ ಅಳತೆಯಲ್ಲಿ ಕೆಡುವುದು ಮೂರು ಕಡೆ. ಕಪ್ಪುಹಲಗೆ ಮುಂದೆ ನಿಂತು ಬರೆಯುವ ವಿಡಿಯೊಗೆ 150 ಕಿಲೋಬಿಟ್ ಸಾಲದು, ಕೈ ಆಡಿದ ಕೂಡಲೇ ಅಕ್ಷರ ಮಸುಕಾಗುತ್ತದೆ, ಹಾಗಾಗಿ ಸ್ಲೈಡೇ ಇರಲಿ. ಸ್ಲೈಡಿನಲ್ಲಿ 28 ಪಾಯಿಂಟ್‌ಗಿಂತ ಸಣ್ಣ ಕನ್ನಡ ಬೇಡ, ಫೋನಿನ ಪರದೆಯಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಮೂರನೆಯದು ಫ್ಯಾನಿನ ಸದ್ದು. ಕಡಿಮೆ ಕಿಲೋಬಿಟ್ಟಿನಲ್ಲಿ ದನಿ ಕುಗ್ಗಿಸುವಾಗ ಫ್ಯಾನಿನ ಮೊರೆತಕ್ಕೇ ಅರ್ಧ ಜಾಗ ಹೋಗಿ, ಮಾತು ನೀರೊಳಗಿಂದ ಕೇಳಿದಂತಾಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡಿ ಕೂಡೋದು ಕಷ್ಟ, ಗೊತ್ತು. ಬೆಳಿಗ್ಗೆ ಎಂಟರೊಳಗೆ ರೆಕಾರ್ಡಿಂಗ್ ಮುಗಿಸಿ, ಅಂಗಿಗೆ ಸಿಕ್ಕಿಸುವ ಮೈಕ್ ಬಳಸಿ.

ಗ್ರಂಥಪಾಲಕಿ (ಸುರಪುರ)

ಸರ್ವರ್ ಕೋಣೆ ಸರ್ ಹೇಳಿದ್ದು ಖರೇ ಅದ. ಅದಕ್ಕ ಇನ್ನೊಂದು ಸೇರಸ್ತೀನ್ರಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಾಗ, ಅಂದ್ರ 2017-18ರಾಗ, ದೇಶದ ಹಳ್ಳಿ ಮನಿಗಳಾಗ ಕಂಪ್ಯೂಟರ್ ಇದ್ದದ್ದು ಶೇ. 4.4, ಇಂಟರ್ನೆಟ್ ಸೌಕರ್ಯ ಇದ್ದದ್ದು ಶೇ. 14.9. ಆಮ್ಯಾಲ ಫೋನ್ ಮನಿಮನಿಗೆ ಬಂದಾವ, ಕಂಪ್ಯೂಟರ್ ಹಂಗ ಬಂದಿಲ್ಲ. ಸರಕಾರ 2021ರ ಜೂನ್‌ದಾಗ ಸರಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚೋದು ಶುರು ಮಾಡ್ತು. ಟ್ಯಾಬೂ ಒಂದು ದೊಡ್ಡ ಫೋನೇ ಅಲ್ರಿ. ಕೀಲಿಮಣಿ ಇಲ್ಲ. ಹಿಂಗಾಗಿ "ವರ್ಡ್ ಫೈಲಿನಾಗ 2,000 ಪದದ ಪ್ರಬಂಧ ಟೈಪ್ ಮಾಡಿ ಕಳಸ್ರಿ" ಅನ್ನೋ ಕೆಲಸ ಕೊಟ್ರ ಅದು ಸೈಬರ್ ಕೆಫೆಗೆ ಕಳಿಸಿದಂಗ. ಅಲ್ಲಿ ಪುಟಕ್ಕಿಷ್ಟು ಅಂತ ರೊಕ್ಕ ಕೊಟ್ಟು ಬೇರೆಯವರ ಕೈಲಿ ಟೈಪ್ ಮಾಡಿಸ್ತಾರ.

ಕೈಲೆ ಬರದು ಫೋಟೊ ತಗದು ಕಳಸೋದೇ ಸರಳ. ಆದ್ರ ಅದಕ್ಕೂ ಪದ್ಧತಿ ಹೇಳಿಕೊಡಬೇಕು. ಹತ್ತು ಪುಟ ಬರೇ ಕ್ಯಾಮೆರಾದಾಗ ತಗದ್ರ ಪುಟಕ್ಕ ಮೂರು-ನಾಕು ಎಂಬಿ, ಒಟ್ಟು 35 ಎಂಬಿ ಆಗ್ತದ. ಹಳ್ಳ್ಯಾಗ ಅಪ್‌ಲೋಡ್ 300 ಕಿಲೋಬಿಟ್ ಸಿಕ್ರ ಅದು ಹೋಗ್ಲಿಕ್ಕ ಹದಿನೈದು ನಿಮಿಷ ಬೇಕು, ನಡಕ ಕಟ್ಟಾದ್ರ ಮತ್ತ ಮೊದಲಿನಿಂದ. ಸ್ಕ್ಯಾನರ್ ಆ್ಯಪ್‌ದಾಗ ಕಪ್ಪು-ಬಿಳಿ ಮಾಡಿ ಒಂದೇ ಪಿಡಿಎಫ್ ಕಟ್ಟಿದ್ರ 5 ಎಂಬಿ ಒಳಗ ಬರ್ತದ, ಎರಡು ನಿಮಿಷ ಚಿಲ್ಲರದಾಗ ಹೋಗ್ತದ. ಮೊದಲನೇ ವಾರ ಕ್ಲಾಸಿನಾಗ ಎಲ್ಲಾರನೂ ಕೂಡಿಸಿ ಒಂದು ಪುಟ ಕಳಸೋ ಅಭ್ಯಾಸ ಮಾಡಸ್ರಿ. ಅಂಕ ಬ್ಯಾಡ, ಬರೇ ಅಭ್ಯಾಸ.

ಕೊನೆಯ ಗಡುವಿನ ಮಾತು. "ಸಂಜಿ ಐದರೊಳಗ" ಅಂತ ಹಾಕಬ್ಯಾಡ್ರಿ. ಮನಿ ಫೋನು ಅಪ್ಪನ ಕೂಡ ಇಲ್ಲಾ ಅಣ್ಣನ ಕೂಡ ಹೊಲಕ್ಕೋ ಕೆಲಸಕ್ಕೋ ಹೋಗಿರ್ತದ, ಮನಿಗೆ ಬರೋದು ಏಳಕ್ಕ. ಆಗ ಹುಡುಗೀರು ಅಡಗಿ ಮನ್ಯಾಗ ಇರ್ತಾರ. ಊಟ ಆಗಿ ಫೋನು ಅವರ ಕೈಗೆ ಬರೋದು ರಾತ್ರಿ ಒಂಬತ್ತರ ಮ್ಯಾಲ. ಅದಕ್ಕ ಗಡುವು ಸೋಮವಾರ ಮುಂಜಾನೆ ಹತ್ತು ಗಂಟೆಗೆ ಇಡ್ರಿ. ಶನಿವಾರ, ರವಿವಾರ ಎರಡು ರಾತ್ರಿ ಸಿಗ್ತಾವ.

ಕಾರಂಜಾ ದಂಡೆ (ಬೀದರ್)

ಮೂರನೆಯ ಅಂಶದ ಬಗ್ಗೆ ಯಾರೂ ಹೇಳಲಿಲ್ಲ: ನೋಟ್ಸು. ನಮ್ಮ ವಿವಿಗಳಲ್ಲಿ ಕನ್ನಡ ಮಾಧ್ಯಮದ ಪಾಠ ಆನ್‌ಲೈನಿಗೆ ಹೋಗದಿರಲು ಇಂಟರ್ನೆಟ್ ಎಷ್ಟು ಕಾರಣವೋ ಹಳೆಯ ನುಡಿ ಫಾಂಟೂ ಅಷ್ಟೇ ಕಾರಣ. ಇಪ್ಪತ್ತು ವರ್ಷದ ಪ್ರಶ್ನೆಪತ್ರಿಕೆ, ಪಠ್ಯಕ್ರಮ, ಟಿಪ್ಪಣಿ ಎಲ್ಲವೂ ನುಡಿ 01 ಇ ಅಥವಾ ಬರಹ ಫಾಂಟಿನಲ್ಲಿ ಕೂತಿವೆ. ಈ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡದ ಚಿತ್ರವನ್ನು ಹೊದಿಸಿದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಬೇರೆ ಕಡೆ ಅರ್ಥವಿಲ್ಲದ ಗೀಚು. ಮೂಡಲ್‌ನ ಪ್ರಶ್ನೆ ಪೆಟ್ಟಿಗೆಗೆ ಅಂಟಿಸಿದರೆ ನೆತ್ತಿಯ ಮೇಲೆ ಚುಕ್ಕಿ, ಗೆರೆ ಇರುವ ಯುರೋಪಿನ ಅಕ್ಷರಗಳ ಸಾಲು ಬರುತ್ತದೆ.

ಪಿಡಿಎಫ್ ಮಾಡಿಬಿಟ್ಟರೆ ಕಣ್ಣಿಗೆ ಸರಿ ಕಾಣುತ್ತದೆ, ಅಲ್ಲೇ ಎಲ್ಲರೂ ನಿಲ್ಲುತ್ತಾರೆ. ಆದರೆ ಆ ಪಿಡಿಎಫ್‌ನಲ್ಲಿ "ವಚನ" ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಪರದೆವಾಚಕ ತಂತ್ರಾಂಶ ಆ ಗೀಚನ್ನೇ ಓದುತ್ತದೆ. ಎನ್‌ವಿಡಿಎ ಎಂಬ ಅಂಥ ತಂತ್ರಾಂಶ ಉಚಿತ, ಅದರ ಜೊತೆಗೇ ಬರುವ ಇಸ್ಪೀಕ್ ಎಂಬ ದನಿ ಕನ್ನಡವನ್ನು ಓದಬಲ್ಲದು, ಆದರೆ ಯುನಿಕೋಡ್ ಕನ್ನಡವನ್ನು (ಎಲ್ಲ ಯಂತ್ರಗಳಲ್ಲೂ ಅಕ್ಷರಕ್ಕೆ ಒಂದೇ ಸಂಕೇತ ಇರುವ ಪದ್ಧತಿ) ಮಾತ್ರ.

ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಇವೆ. ಕೆಡುವುದು ಎಲ್ಲಿ ಅಂದರೆ, ಇಡೀ ಕಡತವನ್ನು ಒಮ್ಮೆಲೇ ಎತ್ತಿ ಹಾಕಿದಾಗ. ನಡುವೆ ಇರುವ ಇಂಗ್ಲಿಷ್ ಪದಗಳು, ಲೇಖಕರ ಹೆಸರುಗಳು, ಗಣಿತದ ಚಿಹ್ನೆಗಳು ಕೂಡ ಅದೇ ಸಂಕೇತಗಳನ್ನೇ ಬಳಸುವುದರಿಂದ ಪರಿವರ್ತಕಕ್ಕೆ ಎರಡರ ಭೇದ ತಿಳಿಯದು. ಇಂಗ್ಲಿಷ್ ಪದವನ್ನೂ ಕನ್ನಡ ಅಂದುಕೊಂಡು ಬದಲಿಸಿ ಅಲ್ಲೊಂದು ವಿಚಿತ್ರ ಪದ ಕೂರಿಸುತ್ತದೆ. ಹಾಗಾಗಿ ವರ್ಡಿನ ಹುಡುಕು-ಬದಲಿಸು ಪೆಟ್ಟಿಗೆಯಲ್ಲಿ ಫಾಂಟಿನ ಮೇಲೆ ಹುಡುಕಿ, ನುಡಿಯಲ್ಲಿರುವ ಭಾಗವನ್ನಷ್ಟೇ ಆರಿಸಿ ಪರಿವರ್ತಿಸಬೇಕು. ಆಮೇಲೆ ಕಣ್ಣಾಡಿಸಬೇಕಾದ ಜಾಗಗಳು: ಅರ್ಕಾವತ್ತು ಇರುವ ಪದಗಳು (ಸೂರ್ಯ, ವರ್ಗ, ಕಾರ್ಯ), ಎರಡು ಒತ್ತಕ್ಷರ ಇರುವವು (ಸ್ವಾತಂತ್ರ್ಯ, ರಾಷ್ಟ್ರ), ದೀರ್ಘ ಓಕಾರ, ಮತ್ತು ಕೋಷ್ಟಕದೊಳಗಿನ ಅಂಕಿಗಳು. ಕೋಷ್ಟಕಗಳನ್ನು ಪರಿವರ್ತಕಕ್ಕೆ ಹಾಕದೆ ಕೈಯಲ್ಲೇ ಟೈಪ್ ಮಾಡುವುದು ಬೇಗ ಮುಗಿಯುತ್ತದೆ.

ಮೂಡಲ್‌ನ ಕಿರು ಉತ್ತರ ಮಾದರಿಯ ಪ್ರಶ್ನೆಯನ್ನು ಕನ್ನಡದಲ್ಲಿ ಯಂತ್ರಕ್ಕೆ ತಿದ್ದಲು ಬಿಡಬೇಡಿ ಅಂತಲೂ ಹೇಳಬೇಕು. "ಸಾಫ್ಟ್‌ವೇರ್" ಎಂಬ ಪದದಲ್ಲಿ ಟ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಗುರುತು ಇರುತ್ತದೆ. ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಸರಿ ಉತ್ತರ ಬರೆದ ಹುಡುಗನಿಗೆ ಸೊನ್ನೆ ಬೀಳುತ್ತದೆ, ಯಾಕೆಂದು ಅವನಿಗೂ ತಿಳಿಯದು, ಮೇಷ್ಟ್ರಿಗೂ ತಿಳಿಯದು. ಬಹು ಆಯ್ಕೆ ಇಡಿ, ಅಥವಾ ಕೈಯಿಂದ ತಿದ್ದಿ.

ತೊಗರಿ ಕಣಜ (ಚಿತ್ತಾಪುರ)

@ಕಾರಂಜಾ ದಂಡೆ ಸರ್, ಇಷ್ಟೆಲ್ಲಾ ಯಾರ್ ಮಾಡಬೇಕ್ರಿ? ಇದು ಟೀಕೆ ಅಲ್ರಿ, ಲೆಕ್ಕ ಕೇಳಲಿಕತ್ತೀನಿ. 15 ನಿಮಿಷದ ಒಂದು ತುಣುಕಿಗೆ ಬರವಣಿಗಿ ಎರಡು ತಾಸು, ಸ್ಲೈಡು ಒಂದು ತಾಸು, ರೆಕಾರ್ಡಿಂಗು ಮತ್ತ ತಿದ್ದೋದು ಒಂದು ತಾಸು. ನಾಕು ತಾಸು ಹಿಡೀರಿ. ವಾರಕ್ಕ ಎರಡು ತುಣುಕಿನಂಗ ಒಂದು ಪತ್ರಿಕೆಗೆ 30 ತುಣುಕು, 120 ತಾಸು ಆಯ್ತು. ಯುಜಿಸಿ 2018ರ ನಿಯಮಾವಳಿ ಪ್ರಕಾರ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕ 16 ತಾಸು ಪಾಠದ ಹೊರೆ ಮೊದಲೇ ಅದ. ಅದೇ ನಿಯಮಾವಳಿದಾಗ ನಾಲ್ಕು ಭಾಗದ ಪೂರ್ತಿ ಇ-ಪಠ್ಯ ತಯಾರಿಸಿದವರಿಗೆ ಪತ್ರಿಕೆಗೆ 12 ಅಂಕ, ಒಂದು ಘಟಕಕ್ಕ 5 ಅಂಕ ಅಂತ ಅದ. ಆ ಅಂಕ ಬಡ್ತಿಗೆ ಬರ್ತಾವ. ಅತಿಥಿ ಉಪನ್ಯಾಸಕರಿಗೆ ಬಡ್ತಿನೇ ಇಲ್ಲ, ಅಂಕ ತಗೊಂಡು ಏನ್ ಮಾಡ್ಬೇಕು? ತರಗತಿಗಳು ಹೆಚ್ಚಾಗಿ ನಡೆಯೋದು ಅವರಿಂದನೇ.

ಟಿಪ್ಪಣಿದಾಗ ಒಂದು ಸಾಲು ಸೇರಸ್ರಿ: ರೆಕಾರ್ಡ್ ಮಾಡಿದ ಪ್ರತಿ ತುಣುಕಿಗೆ ಇಷ್ಟು ತಾಸಿನ ಕಾರ್ಯಭಾರ ಅಂತ ಲೆಕ್ಕಕ್ಕ ಹಿಡೀಬೇಕು, ಮತ್ತ ಮುಂದಿನ ವರ್ಷ ಅದೇ ವಿಡಿಯೊ ಹಾಕಿ ಆ ಉಪನ್ಯಾಸಕರ ಕಾರ್ಯಭಾರ ಕಡಿತ ಮಾಡಂಗಿಲ್ಲ. ಈ ಎರಡನೇ ಮಾತು ಬರವಣಿಗಿದಾಗ ಇರ್ಲಿಲ್ಲ ಅಂದ್ರ ಯಾರೂ ಮನಸಿಟ್ಟು ರೆಕಾರ್ಡ್ ಮಾಡಂಗಿಲ್ರಿ. ತಮ್ಮ ಅನ್ನಕ್ಕ ತಾವೇ ಕಲ್ಲು ಹಾಕ್ಕೊಂಡಂಗ ಆಗ್ತದ ಅಂತ ಅಂಜಿಕಿ ಅದ, ಆ ಅಂಜಿಕಿ ಸುಳ್ಳಲ್ಲ.

ಕೋಟೆಬಾಗಿಲು

ಈ ಮಾತು ಕರಡಿನಲ್ಲಿ ಖಂಡಿತ ಬರಬೇಕು. ಮೊದಲ ವರ್ಷ ವಾರಕ್ಕೆ ಒಂದೇ ತುಣುಕು ಅಂದರೆ 15 ತುಣುಕು, 60 ತಾಸಿನ ಕೆಲಸ. ಅಷ್ಟು ಹೊರಬಹುದು ಅನ್ನಿಸುತ್ತದೆ. ಉಳಿದ ಪಾಠ?

ಮೌಲ್ಯಮಾಪನ ಮೇಜು (ಕಲಬುರಗಿ)

ಉಳಿದ ಪಾಠ ತರಗತಿಯಲ್ಲೇ ಇರಬೇಕು ಸರ್. ಯಾಕೆಂದರೆ ಟಿಪ್ಪಣಿಯ ಆಧಾರವೇ ತಪ್ಪಾಗಿದೆ. ಯಾರಾದರೂ ಸಭೆಯಲ್ಲಿ ಎದ್ದು ಕೇಳುವ ಮೊದಲು ಸರಿ ಮಾಡಿಕೊಳ್ಳಿ.

"40 ಶೇಕಡಾ" ಎರಡು ಬೇರೆ ಕಾಗದಗಳಲ್ಲಿ ಬರುತ್ತದೆ, ಜನ ಒಂದಕ್ಕೊಂದು ಬೆರೆಸುತ್ತಾರೆ. ಮೊದಲನೆಯದು ಕೇಂದ್ರ ಸರಕಾರದ ಆನ್‌ಲೈನ್ ಪಾಠಗಳ ತಾಣವಾದ ಸ್ವಯಂ ವೇದಿಕೆಯ ಕ್ರೆಡಿಟ್ ಚೌಕಟ್ಟಿನ ನಿಯಮಾವಳಿ. 2016ರಲ್ಲಿ ಮಿತಿ 20 ಶೇಕಡಾ ಇತ್ತು, 2021ರಲ್ಲಿ 40ಕ್ಕೆ ಏರಿತು. ಅದು ಸೆಮಿಸ್ಟರ್‌ನ ಒಟ್ಟು ಪತ್ರಿಕೆಗಳಲ್ಲಿ ಎಷ್ಟನ್ನು ಸ್ವಯಂ ಮೂಲಕ ಓದಬಹುದು ಎಂಬ ಮಿತಿ. ವಿಭಾಗ ತಾನೇ ಮೂಡಲ್‌ನಲ್ಲಿ ನಡೆಸುವ ಪತ್ರಿಕೆಗೆ ಅದು ಅನ್ವಯಿಸದು. ಎರಡನೆಯದು ಮಿಶ್ರ ಕಲಿಕೆ ಕುರಿತು ಯುಜಿಸಿ 2021ರ ಮೇ ತಿಂಗಳಲ್ಲಿ ಹೊರತಂದ ಪರಿಕಲ್ಪನಾ ಟಿಪ್ಪಣಿ. ಅದರ ಮಾತು ಬೇರೆ: ಪ್ರತಿ ಪತ್ರಿಕೆಯಲ್ಲೂ ಹೆಚ್ಚೆಂದರೆ 40 ಶೇಕಡಾ ಆನ್‌ಲೈನ್, ಉಳಿದ 60 ಮುಖಾಮುಖಿ. ನಿಮ್ಮ ಎರಡು ಪತ್ರಿಕೆ "ಪೂರ್ತಿ ಆನ್‌ಲೈನ್" ಎರಡರಲ್ಲೂ ಹೊಂದುವುದಿಲ್ಲ. ಇಡೀ ಪದವಿಯನ್ನೇ ಆನ್‌ಲೈನ್ ಮಾಡುವುದಾದರೆ ಅದಕ್ಕೆ 2020ರ ಬೇರೆಯೇ ನಿಯಮಾವಳಿ ಇದೆ. ಅದರಲ್ಲಿ ನ್ಯಾಕ್ (ಗುಣಮಟ್ಟ ಅಳೆಯುವ ಮಂಡಳಿ) ಅಂಕ 4ಕ್ಕೆ ಕನಿಷ್ಠ 3.01, ಇಲ್ಲವೇ ಎನ್‌ಐಆರ್‌ಎಫ್ (ಕೇಂದ್ರದ ಶ್ರೇಯಾಂಕ ಪಟ್ಟಿ) ಮೊದಲ ನೂರರಲ್ಲಿ ಸ್ಥಾನ ಎಂಬ ಷರತ್ತು. ಆ ದಾರಿ ಈಗ ಬೇಡ.

ಹಾಗಾಗಿ 60 ತಾಸಿನ ಪತ್ರಿಕೆಯಲ್ಲಿ 24 ತಾಸು ಆನ್‌ಲೈನ್, 36 ತಾಸು ತರಗತಿ ಅಂತ ಬರೆಯಿರಿ. ಅಧ್ಯಯನ ಮಂಡಳಿ, ಆಮೇಲೆ ವಿದ್ಯಾವಿಷಯಕ ಪರಿಷತ್ತು, ಎರಡರಲ್ಲೂ ಸೆಮಿಸ್ಟರ್ ಶುರುವಾಗುವ ಮೊದಲೇ ಒಪ್ಪಿಗೆಯಾಗಬೇಕು. ನಡುವೆ ಒಪ್ಪಿಗೆ ತಂದರೆ ಅಂಕಪಟ್ಟಿ ಹೊತ್ತಿಗೆ ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿವಿಗಳ ಪ್ರವೇಶ, ಪರೀಕ್ಷೆ ನಿರ್ವಹಣೆಯ ತಾಣ) ಪತ್ರಿಕೆಯ ಸಂಕೇತ ಇರುವುದಿಲ್ಲ, ಫಲಿತಾಂಶ ತಡೆಹಿಡಿಯಲ್ಪಡುತ್ತದೆ.

ಸ್ವಯಂ ಪತ್ರಿಕೆಯನ್ನೇ ತರುವ ಯೋಚನೆ ಇದ್ದರೆ ಇನ್ನೊಂದು ಗಂಟು. ಸ್ವಯಂನಲ್ಲಿ ಐಐಟಿಗಳ ಪಾಠ ಕೊಡುವ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಪತ್ರಿಕೆಗೆ 3 ಕ್ರೆಡಿಟ್, 8 ವಾರಕ್ಕೆ 2, 4 ವಾರಕ್ಕೆ 1. ನಿಮ್ಮ ಪತ್ರಿಕೆ 4 ಕ್ರೆಡಿಟ್. ಉಳಿದ ಒಂದು ಕ್ರೆಡಿಟ್ ಎಲ್ಲಿಂದ ಬರಬೇಕು ಎಂದು ಮೊದಲೇ ಬರೆದಿಡದಿದ್ದರೆ ಹುಡುಗರು ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಹಿಡಿದು ಬಂದು ನಮ್ಮ ಮೇಜಿನ ಮುಂದೆ ನಿಲ್ಲುತ್ತಾರೆ. ವಿಭಾಗದಲ್ಲೇ ಒಂದು ಕ್ರೆಡಿಟ್ಟಿನ ಸೆಮಿನಾರ್ ಜೋಡಿಸಿ, ಅಥವಾ 3 ಕ್ರೆಡಿಟ್ಟಿನ ಐಚ್ಛಿಕ ಪತ್ರಿಕೆಗೆ ಮಾತ್ರ ಬಳಸಿ. ಅಂಕದ ಲೆಕ್ಕವೂ ಬೇರೆ: ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10 ಮತ್ತು ಪರೀಕ್ಷೆಯಲ್ಲಿ 30 ಎರಡೂ ಬಂದರೆ ಮಾತ್ರ ಪ್ರಮಾಣಪತ್ರ. ಕಲಿಯುವುದು ಉಚಿತ, ಆದರೆ ಪರೀಕ್ಷೆಗೆ ಶುಲ್ಕ ಇದೆ, ಅದನ್ನು ಯಾರು ಕಟ್ಟುತ್ತಾರೆ ಎಂಬುದನ್ನೂ ಬರೆದಿಡಿ. ಸ್ವಯಂನ ವರ್ಷ ಜನವರಿ ಮತ್ತು ಜುಲೈಗೆ ಶುರುವಾಗುತ್ತದೆ. ನಮ್ಮ ಸೆಮಿಸ್ಟರ್ ಎರಡು-ಮೂರು ತಿಂಗಳು ಹಿಂದೆ ಬಿದ್ದರೆ ನೋಂದಣಿ ಮುಗಿದಿರುತ್ತದೆ.

ಸರ್ವರ್ ಕೋಣೆ

ಇದು ಬಹಳ ಮುಖ್ಯದ ತಿದ್ದುಪಡಿ. 24 ತಾಸು ಅಂತಾದರೆ ನನ್ನ ಲೆಕ್ಕವೂ ಇಳಿಯುತ್ತದೆ. ಪತ್ರಿಕೆಗೆ 15 ತುಣುಕು, 20 ಎಂಬಿಯಂತೆ 300 ಎಂಬಿ ಚಿಲ್ಲರೆ. ಎರಡು ಪತ್ರಿಕೆಗೆ 615 ಎಂಬಿ. 32 ಜಿಬಿ ಎಲ್ಲಿ, ಇದೆಲ್ಲಿ.

ಈಗ ಮೂಡಲ್‌ನ ಮಾತು. ಮೊದಲು ಹೆಸರುಪಟ್ಟಿ. 120 ಮಂದಿಯನ್ನು ಒಂದೊಂದಾಗಿ ಸೇರಿಸದೆ ಸಿಎಸ್‌ವಿ ಕಡತದಿಂದ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಒಮ್ಮೆಲೇ ಏರಿಸುತ್ತೀರಿ. ಎಕ್ಸೆಲ್‌ನಲ್ಲಿ ಸುಮ್ಮನೆ "ಸಿಎಸ್‌ವಿ" ಅಂತ ಉಳಿಸಿದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. "ಸಿಎಸ್‌ವಿ ಯುಟಿಎಫ್-8" ಅನ್ನೋದನ್ನೇ ಆರಿಸಿ. ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳಿದ್ದರೆ ಆ ಕಾಲಮ್ಮನ್ನು ಮೊದಲೇ ಪಠ್ಯ ಅಂತ ಗುರುತಿಸಿ, ಇಲ್ಲದಿದ್ದರೆ ಸೊನ್ನೆ ಉದುರುತ್ತದೆ.

ನಿಜವಾದ ಕಷ್ಟ ಇಮೇಲ್ ಕಾಲಮ್ಮು. ಪ್ರವೇಶದ ಹೊತ್ತಿಗೆ ಸೈಬರ್ ಕೆಫೆಯವರು ತುಂಬಿದ ಇಮೇಲ್ ಅದು. ಪಾಸ್‌ವರ್ಡ್ ವಿದ್ಯಾರ್ಥಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಒಂದೇ ಇಮೇಲನ್ನು ಐದಾರು ಅರ್ಜಿಗೆ ಹಾಕಿರುತ್ತಾರೆ. ಒಂದೇ ಇಮೇಲ್ ಇಬ್ಬರಿಗಿದ್ದರೆ ಮೂಡಲ್ ತಾನಾಗಿ ಒಪ್ಪುವುದಿಲ್ಲ. ಒಪ್ಪುವಂತೆ ಬದಲಿಸಿದರೂ ಮರೆತ ಪಾಸ್‌ವರ್ಡ್ ಬದಲಿಸುವ ಕೊಂಡಿ ಕೆಫೆಯವರ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಎಸ್‌ಎಂಎಸ್ ಕಳಿಸೋಣ ಅಂದರೆ ಡಿಎಲ್‌ಟಿ (ಸಾಮೂಹಿಕ ಸಂದೇಶ ಕಳಿಸುವವರ ದಾಖಲೆ ವ್ಯವಸ್ಥೆ) ನೋಂದಣಿ, ಪ್ರತಿ ಸಂದೇಶದ ಮಾದರಿಗೂ ಅನುಮೋದನೆ ಬೇಕು. ಉಪಾಯ: ವಿವಿಯ ಸ್ವಂತ ಡೊಮೇನಿನಲ್ಲಿ ಪ್ರತಿಯೊಬ್ಬರಿಗೂ ನೋಂದಣಿ ಸಂಖ್ಯೆಯದೇ ಇಮೇಲ್ ಕೊಡಿ. ಗೂಗಲ್‌ನ ಶಿಕ್ಷಣ ಆವೃತ್ತಿಯ ಮೂಲ ಮಟ್ಟ ಉಚಿತ. 2022ರಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಜಾಗದ ಮಿತಿ ಇದೆ, ಅದರ ಮೀಟ್‌ನಲ್ಲಿ ರೆಕಾರ್ಡಿಂಗ್ ಬರುವುದಿಲ್ಲ. ನಿಮಗೆ ಬೇಕಿರುವುದು ಇಮೇಲ್ ಮಾತ್ರ, ಹಾಗಾಗಿ ಸಾಕು.

ಪ್ರಕಟಣೆಯ ಮೇಲ್‌ಗಳನ್ನು ವೈಯಕ್ತಿಕ ಜಿಮೇಲ್ ಖಾತೆಯಿಂದ ಕಳಿಸುವ ಅಭ್ಯಾಸವೂ ಕೆಲವು ಕಡೆ ಇದೆ. ಅದಕ್ಕೆ ದಿನಕ್ಕೆ 500ರ ಮಿತಿ. 120 ಮಂದಿಗೆ ಐದು ಪ್ರಕಟಣೆ ಹಾಕಿದ ದಿನ ಖಾತೆ ಬಂದ್ ಆಗುತ್ತದೆ, ಪಾಸ್‌ವರ್ಡ್ ಮೇಲ್‌ಗಳೂ ನಿಲ್ಲುತ್ತವೆ.

ಅಪ್‌ಲೋಡ್ ಮಿತಿ ನೋಡಿ. ಮೂಡಲ್ ಬರೆದಿರುವ ಪಿಎಚ್‌ಪಿ ಭಾಷೆಯಲ್ಲಿ ಮೊದಲಿಗೆ ಇರುವುದು ಕಡತಕ್ಕೆ 2 ಎಂಬಿ, ಒಮ್ಮೆಗೆ ಕಳಿಸುವುದೆಲ್ಲ ಸೇರಿ 8 ಎಂಬಿ. ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರ ಸ್ವಂತ ಮಿತಿ 1 ಎಂಬಿ. ಮೂರನ್ನೂ ಬದಲಿಸಬೇಕು. ಗ್ರಂಥಪಾಲಕಿ ಮೇಡಂ ಹೇಳಿದ 5 ಎಂಬಿ ಪಿಡಿಎಫ್‌ಗೆ ಮೊದಲ ಎರಡನ್ನು 10 ಮತ್ತು 12, ಮೂರನೆಯದನ್ನೂ 12 ಇಡಿ. ಅದಕ್ಕಿಂತ ಹೆಚ್ಚು ಇಟ್ಟರೆ ಮತ್ತೆ 35 ಎಂಬಿ ಫೋಟೊಗಳೇ ಬರುತ್ತವೆ.

ಈಗ ಬೆಳಿಗ್ಗೆ 10ರ ಪರೀಕ್ಷೆ. 16 ಜಿಬಿ ರ‍್ಯಾಮ್ ಇರುವ ಒಂದೇ ಯಂತ್ರದಲ್ಲಿ ಡೇಟಾಬೇಸೂ ಕೂತಿದೆ ಅಂದುಕೊಳ್ಳಿ. ಅದಕ್ಕೂ ಕಾರ್ಯವ್ಯವಸ್ಥೆಗೂ ಅರ್ಧ ಬಿಟ್ಟರೆ ಪುಟಗಳನ್ನು ಕಳಿಸುವ ಅಪಾಚೆ ತಂತ್ರಾಂಶಕ್ಕೆ 8 ಜಿಬಿ. ಒಂದೊಂದು ಅಪಾಚೆ ಕೆಲಸಗಾರ (ಒಂದು ಸಲಕ್ಕೆ ಒಬ್ಬರ ಕರೆ ನೋಡಿಕೊಳ್ಳುವ ಪ್ರಕ್ರಿಯೆ) 60 ಎಂಬಿ ತಿಂದರೆ ಏಕಕಾಲಕ್ಕೆ 136 ಮಂದಿ. ಗರಿಷ್ಠ ಕೆಲಸಗಾರರ ಸಂಖ್ಯೆಯನ್ನು 256 ಅಂತಲೇ ಬಿಟ್ಟಿದ್ದರೆ ನೂಕುನುಗ್ಗಲಿನಲ್ಲಿ 15 ಜಿಬಿ ಕೇಳುತ್ತದೆ, ಯಂತ್ರ ಡಿಸ್ಕಿಗೆ ಬರೆಯಲು ಶುರು ಮಾಡಿ ಎಲ್ಲರಿಗೂ ನಿಂತುಹೋಗುತ್ತದೆ. ನಿಮ್ಮ 120 ಮಂದಿ ಹೇಗೋ ಹಿಡಿಸುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ವಿಭಾಗವೂ ಪರೀಕ್ಷೆ ಇಟ್ಟರೆ ಹಿಡಿಸುವುದಿಲ್ಲ. ಆ ಸಂಖ್ಯೆಯನ್ನು 130ಕ್ಕೆ ಇಳಿಸಿ. ಪರೀಕ್ಷೆಯ ಬಾಗಿಲನ್ನು ಎರಡು ದಿನ ತೆರೆದಿಡಿ. ಪ್ರಶ್ನೆಗಳನ್ನು ಸಂಗ್ರಹದಿಂದ ಯಾದೃಚ್ಛಿಕವಾಗಿ ಬರುವಂತೆ ಮಾಡಿ. ಒಂದು ಪ್ರಶ್ನೆಗೊಂದು ಪುಟ ಬೇಡ, ಐದು ಪ್ರಶ್ನೆಗೊಂದು ಪುಟ ಇಟ್ಟರೆ ಸರ್ವರಿಗೆ ಬರುವ ಕರೆ ಐದನೇ ಒಂದು ಪಾಲಾಗುತ್ತದೆ. ನಡುವೆ ಸಿಗ್ನಲ್ ಹೋದರೆ ಚಿಂತೆ ಬೇಡ, ಮೂಡಲ್ ಉತ್ತರಗಳನ್ನು ಸುಮಾರು ನಿಮಿಷಕ್ಕೊಮ್ಮೆ ತಾನೇ ಉಳಿಸುತ್ತದೆ.

ಮೂಡಲ್ ಆ್ಯಪ್‌ನಲ್ಲಿ ಪರೀಕ್ಷೆಯನ್ನು ಇಳಿಸಿಕೊಂಡು ನೆಟ್ ಇಲ್ಲದೆ ಬರೆದು ಆಮೇಲೆ ಕಳಿಸುವ ಸೌಕರ್ಯವೂ ಇದೆ. ಆದರೆ ಕಾಲಮಿತಿ ಹಾಕಿದ ಪರೀಕ್ಷೆಗೆ ಅದು ಕೆಲಸ ಮಾಡುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ನನ್ನನ್ನು ಕೇಳಿದರೆ ಕಾಲಮಿತಿಯನ್ನೇ ಬಿಡಿ.

ಮೌಲ್ಯಮಾಪನ ಮೇಜು

ಕಾಲಮಿತಿ ಇಲ್ಲ, ಮೇಲ್ವಿಚಾರಣೆ ಇಲ್ಲ ಅಂದರೆ ಆ ಪರೀಕ್ಷೆಗೆ ಹೆಚ್ಚು ಅಂಕ ಕೊಡಬಾರದು. ಆಂತರಿಕ ಅಂಕದಲ್ಲಿ ಕಾಲು ಭಾಗ ದಾಟದಿರಲಿ, ಉಳಿದದ್ದು ತರಗತಿಯಲ್ಲಿ ಕೂತು ಬರೆಯುವುದೇ ಆಗಲಿ. ಕ್ಯಾಮೆರಾ ಮೂಲಕ ಕಾವಲು ಕಾಯುವ ವ್ಯವಸ್ಥೆ ಬೇಡವೇ ಬೇಡ. ಅದಕ್ಕೆ ಬೇಕಾದ ಅಪ್‌ಲೋಡ್ ವೇಗ ಹಳ್ಳಿಯಲ್ಲಿಲ್ಲ, ಮತ್ತು ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಯಾರೋ ಓಡಾಡಿದ್ದು ನಕಲು ಅಂತ ದಾಖಲಾಗುತ್ತದೆ.

ಗಡಿಯಾಚೆ (ಬೀದರ್)

ಬೇರೆ ದೇಶಗಳ ಸರಕಾರಿ ವಿವಿಗಳು ಇದೇ ಗಂಟನ್ನು ಬಿಡಿಸಿದ ರೀತಿ ನೋಡಿದರೆ ಉಪಯೋಗವಾದೀತು. ಶ್ರೀಲಂಕಾದಲ್ಲಿ 2020ರಲ್ಲಿ ಅಲ್ಲಿನ ಶಿಕ್ಷಣ-ಸಂಶೋಧನಾ ಜಾಲ ಲರ್ನ್, ದೂರಸಂಪರ್ಕ ಕಂಪನಿಗಳ ಜೊತೆ ಮಾತಾಡಿ ವಿವಿಗಳ ಕಲಿಕಾ ತಾಣಕ್ಕೂ ಝೂಮ್ ತರಗತಿಗೂ ಡೇಟಾ ಖರ್ಚಾಗದಂತೆ ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ ಸರಕಾರಿ ನೆರವಿನ ವಿದ್ಯಾರ್ಥಿಗಳಿಗೆ ತಿಂಗಳಿಗೆ ಹಗಲಿನ 10 ಜಿಬಿ, ರಾತ್ರಿಯ 20 ಜಿಬಿ ಕೊಟ್ಟರು. ಬಾಂಗ್ಲಾದೇಶದ ಅನುದಾನ ಆಯೋಗ ಸ್ಮಾರ್ಟ್‌ಫೋನ್ ಕೊಳ್ಳಲು ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಉಗಾಂಡಾದ ಮಕೆರೆರೆ ವಿವಿ ಮೂಡಲ್ ಮೇಲೆಯೇ ತನ್ನ ತಾಣವನ್ನು ವರ್ಷಗಳಿಂದ ನಡೆಸುತ್ತಿದೆ.

ಶ್ರೀಲಂಕಾದ ದಾರಿ ನಮಗೆ ಸುಲಭವಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರ ಫೆಬ್ರವರಿಯಲ್ಲಿ ತಂದ ನಿಯಮದ ಪ್ರಕಾರ ತಾಣ ನೋಡಿ ಡೇಟಾ ದರ ಬದಲಿಸುವಂತಿಲ್ಲ, ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಮುಕ್ತ ಅಂತರ್ಜಾಲಕ್ಕೆ ಒಳ್ಳೆಯ ನಿಯಮವೇ ಅದು. ಹಾಗಾಗಿ ಕಂಪನಿಗಳ ಬಾಗಿಲು ತಟ್ಟುವ ಬದಲು ಪಾಠವನ್ನೇ ವಿದ್ಯಾರ್ಥಿಯ ತಾಲೂಕಿಗೆ ಒಯ್ದಿಡುವುದು ನಮಗೆ ಒಗ್ಗುವ ದಾರಿ.

ಗ್ರಂಥಪಾಲಕಿ (ಸುರಪುರ)

ಅದು ಆಗೋ ಮಾತದ ನೋಡ್ರಿ. ತಾಲೂಕಿನ ಪದವಿ ಕಾಲೇಜಿನ ಗ್ರಂಥಾಲಯದಾಗ ಒಂದು ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಸಣ್ಣ ಕಂಪ್ಯೂಟರ್) ಇಡ್ರಿ. ಎರಡು ಪತ್ರಿಕೆಗೆ 615 ಎಂಬಿ ಅಂದ್ರ ನಲವತ್ತು ಪತ್ರಿಕೆ ಸೇರಿದ್ರೂ 13 ಜಿಬಿ ಒಳಗ, 64 ಜಿಬಿದಾಗ ಆರಾಮ ಹಿಡಸ್ತದ. ಹುಡುಗರು ಬಂದು ಅದರ ವೈಫೈಗೆ ಸೇರಿ, ಆ ವಾರದ್ದು ಫೋನಿಗೆ ಇಳಿಸಿಕೊಂಡು ಹೋಗ್ತಾರ. ಹೊರಗಿನ ಇಂಟರ್ನೆಟ್ಟೇ ಬ್ಯಾಡ. ಹೊಸ ಪಾಠ ವಾರಕ್ಕೊಮ್ಮಿ ಪೆನ್‌ಡ್ರೈವಿನಾಗ ಬಂದ್ರೂ ನಡೀತದ.

ಕೆಡೋದು ಹಿಂಗ: ಪೈ ಒಳಗಿನ ವೈಫೈ ಸಣ್ಣದು, ಹತ್ತಿಪ್ಪತ್ತು ಫೋನಿಗೆ ಸುಸ್ತಾಗ್ತದ, ಅದಕ್ಕ ಬ್ಯಾರೆ ಆ್ಯಕ್ಸೆಸ್ ಪಾಯಿಂಟ್ ಕೂಡಸ್ರಿ. ಕರೆಂಟ್ ಹೋಗಿ ಬಂದಂಗ ಮೆಮೊರಿ ಕಾರ್ಡ್ ಕೆಡ್ತದ, ಕಾರ್ಡಿನ ಬದಲಿ ಸಣ್ಣ ಎಸ್‌ಎಸ್‌ಡಿ ಹಾಕಿ ರೂಟರಿಗೆ ಹಾಕೋ ಅಂಥ ಮಿನಿ ಯುಪಿಎಸ್ ಜೋಡಸ್ರಿ. ಕೊಳ್ಳೋಕಿಂತ ಮೊದಲು ವೋಲ್ಟೇಜ್ ನೋಡ್ರಿ, ರೂಟರಿಗೆ 12 ವೋಲ್ಟ್ ಬೇಕು, ಪೈಗೆ 5 ವೋಲ್ಟ್ ಬೇಕು, ಎರಡೂ ಕೊಡೋದನ್ನ ತಗೋರಿ. ಬ್ಯಾಟರಿ ಕಿಟಕಿ ಕಡೆ ಬಿಸಿಲಿಗೆ ಇಡಬ್ಯಾಡ್ರಿ. ದೊಡ್ಡ ಯುಪಿಎಸ್‌ದ ಸೀಸದ ಬ್ಯಾಟರಿನೂ ಅಷ್ಟೇ, 25 ಡಿಗ್ರಿಗೆ ಲೆಕ್ಕ ಹಾಕಿರ್ತಾರ, ಪ್ರತಿ ಹತ್ತು ಡಿಗ್ರಿ ಏರಿದ್ರ ಆಯುಷ್ಯ ಅರ್ಧ ಆಗ್ತದ. ನಮ್ಮ ಮೇ ತಿಂಗಳು 40ರ ಮ್ಯಾಲ ಇರ್ತದ.

ಈ ಪೆಟ್ಟಿಗ್ಯಾಗ ಪರೀಕ್ಷೆ ಇಡಬ್ಯಾಡ್ರಿ. ಇಲ್ಲಿ ಬರೆದ ಅಂಕ ಮುಖ್ಯ ಮೂಡಲ್‌ಗೆ ತಾನೇ ಹೋಗಿ ಕೂಡಂಗಿಲ್ಲ. ಪಾಠ ಮಾತ್ರ ಇರಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಾಗ ಕಂಪ್ಯೂಟರ್ ಇದ್ದಲ್ಲಿ ಅಲ್ಲಿಗೂ ಒಂದು ಪೆನ್‌ಡ್ರೈವ್ ಕೊಡಬಹುದು.

ಮತ್ತ ವಾಟ್ಸ್‌ಆ್ಯಪ್ ಗುಂಪು ಬಿಡ್ರಿ. ಹುಡುಗೀರ ನಂಬರು 120 ಮಂದಿಗೆ ಕಾಣ್ತದ. ಚಾನೆಲ್ ಮಾಡ್ರಿ, ಅಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣಂಗಿಲ್ಲ. ಅದರಾಗ ಫೈಲ್ ಹಾಕದೆ ಮೂಡಲ್ ಕೊಂಡಿ ಮತ್ತ ನೆನಪಿನ ಸಂದೇಶ ಅಷ್ಟೇ ಹಾಕ್ರಿ. ಫೋನ್ ತುಂಬಿದಾಗ ಹುಡುಗರು ಮೊದಲು ಅಳಸೋದು ವಾಟ್ಸ್‌ಆ್ಯಪ್ ಫೈಲೇ.

ಕೋಟೆಬಾಗಿಲು

ಕರಡು ಬದಲಿಸಿದೆ, ನೋಡಿ ಹೇಳಿ. ಎರಡು ಪತ್ರಿಕೆ, ತಲಾ 24 ತಾಸು ಆನ್‌ಲೈನ್ ಮತ್ತು 36 ತಾಸು ತರಗತಿ. ವಾರಕ್ಕೊಂದು 15 ನಿಮಿಷದ ತುಣುಕು, ಯೂಟ್ಯೂಬ್ ಜೊತೆಗೆ ಇಳಿಸಿಕೊಳ್ಳುವ ಕಡತವಾಗಿಯೂ. ಯುನಿಕೋಡ್ ನೋಟ್ಸ್. ಎರಡು ದಿನ ತೆರೆದಿರುವ ಕಾಲಮಿತಿಯಿಲ್ಲದ ಬಹು ಆಯ್ಕೆ ಪರೀಕ್ಷೆ, ಆಂತರಿಕ ಅಂಕದ ಕಾಲು ಭಾಗ. ಗಡುವು ಸೋಮವಾರ ಬೆಳಿಗ್ಗೆ 10. ಪ್ರತಿ ತುಣುಕಿಗೆ 4 ತಾಸಿನ ಕಾರ್ಯಭಾರ, ಅತಿಥಿ ಉಪನ್ಯಾಸಕರಿಗೂ ಸೇರಿ, ಮುಂದೆ ಕಡಿತವಿಲ್ಲ ಎಂಬ ಷರಾ. ಆಳಂದ, ಸೇಡಂ, ಗುರುಮಠಕಲ್‌ನಲ್ಲಿ ಪಾಠದ ಪೆಟ್ಟಿಗೆ.

ಸರ್ವರ್ ಕೋಣೆ

ಒಂದು ಸಾಲು ಸೇರಿಸಿ ಸರ್. ಮೂಡಲ್‌ನ ಆಡಳಿತ ಪಾಸ್‌ವರ್ಡ್, ಡೊಮೇನ್ ನವೀಕರಣದ ತಾರೀಖು, ಬ್ಯಾಕಪ್ ಇರುವ ಜಾಗ, ಈ ಮೂರು ಇಬ್ಬರ ಹತ್ತಿರ ಬರವಣಿಗೆಯಲ್ಲಿ ಇರಬೇಕು, ಅವರಲ್ಲಿ ಒಬ್ಬರು ಕಾಯಂ ನೌಕರರಾಗಿರಬೇಕು. ತಾತ್ಕಾಲಿಕವಾಗಿ ಬಂದ ಒಬ್ಬರೇ ಎಲ್ಲವನ್ನೂ ನೋಡಿಕೊಂಡು, ಅವರ ಗುತ್ತಿಗೆ ಮುಗಿದ ಮೇಲೆ ಒಂದು ದಿನ ಡೊಮೇನ್ ಅವಧಿ ತೀರಿದರೆ 120 ಮಂದಿಯ ಅಂಕ ತೆಗೆಯಲು ದಾರಿಯೇ ಇರುವುದಿಲ್ಲ.

ತೊಗರಿ ಕಣಜ

ಷರಾ ಅಂತ ಬರೀಬ್ಯಾಡ್ರಿ ಸರ್, ನಿರ್ಣಯದ ಭಾಗ ಅಂತನೇ ಬರೀರಿ. ಷರಾ ಕಡತದಾಗೇ ಉಳೀತದ, ನಿರ್ಣಯ ನಡಾವಳಿಗೆ ಹೋಗ್ತದ.

ಕೋಟೆಬಾಗಿಲು

ಬದಲಿಸಿದೆ. ನಿರ್ಣಯ 3 ಅಂತ ಹಾಕಿದ್ದೇನೆ.